ತಾಟಿಗೆ ಬಂದದ್ದು

“ಬಾಯಿ ಇಲ್ಲೇನ್ರಿ ನಿಮ್ಮ ಮನ್ಯಾಗ ಯಾರಿಗೂ?” ಸುಭದ್ರಾಬಾಯಿ ಅಂಗಳದ ನಡುವೆ ನಿಂತು ಕೂಗಿದಳು. “ಸಾಕು ಅನ್ನೋದು ಒಂದ್ ಮಾತು! ಅಷ್ಟು ಅನ್ನಾಕ ನಿಮಗ ಏನ್ ಧಾಡಿ ಆಗಿತ್ತು?”

“ಧಾಡಿ ಆಗಿದ್ದು ನಮ್ಮಪ್ಪಗ. ಮಾಡಿದವರು ನೀವು,” ಎಂದ ಗುರುಶಾಂತ. ಅವನು ಅವಳ ಅಳಿಯ. ಇಷ್ಟು ದಿನ ಅವಳ ಮುಂದೆ ದನಿ ಎತ್ತಿದವನಲ್ಲ. “ಕಲಬುರಗಿ ಡಾಕ್ಟರ್ ನಾಕ್ ಮಂದಿ ಮುಂದ ಕೇಳಿದ್ರು, ಸಕ್ರಿ ಬ್ಯಾನಿ ಮನಷ್ಯಾಗ ಹಿಂಗ ಹೋಳಿಗಿ ತಿನಿಸಿದ ಪುಣ್ಯಾತ್ಮರು ಯಾರಪಾ ಅಂತ. ಏನ್ ಹೇಳ್ಬೇಕ್ರಿ ನಾ? ನಮ್ಮ ಅತ್ತಿ ಅಂತ ಹೇಳ್ಬೇಕೇನು?”

“ಸಕ್ರಿ ಬ್ಯಾನಿ ಅದ ಅಂತ ನನಗ್ಯಾರು ಹೇಳ್ಯಾರ? ನೀವು ಹೇಳಿದ್ರ್ಯಾ? ನಿಮ್ಮ ಹೆಂಡ್ತಿ ಹೇಳಿದ್ಳಾ? ತಿಂದ್ರಿ, ಎಲ್ಲಾರೂ ಕೂಡಿ ತಿಂದ್ರಿ! ಒಂದ್ ಚೂರು ಬಿಡ್ದಂಗ ತಿಂದು, ಈಗ ನನ್ನ ಮ್ಯಾಲ ಬರಾಕತ್ತೀರಿ!”

ಗೇಟಿನ ಹತ್ತಿರ ಬಾಡಿಗೆ ಜೀಪು ನಿಂತಿತ್ತು. ಅದರ ಹಿಂದಿನ ಸೀಟಿನಲ್ಲಿ ಗುರುಶಾಂತನ ತಂದೆ ಕಲ್ಲಿನಾಥಜ್ಜ ಕುಳಿತಿದ್ದ. ಬಲಗಾಲಿಗೆ ಪಾದದ ತುಂಬ ಬಿಳಿ ಪಟ್ಟಿ. ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ಕಲಬುರಗಿಯ ದವಾಖಾನೆಯಲ್ಲಿ ತೆಗೆದಿದ್ದರು. ಅವನು ಕೈ ಎತ್ತಿ ಸುಮ್ಮನಿರಿ ಎನ್ನುತ್ತಿದ್ದ. ಯಾರೂ ಅತ್ತ ನೋಡಲಿಲ್ಲ.

“ನಮ್ಮ ಮನ್ಯಾಗ ಇನ್ನೊಬ್ಬರ ತಪ್ಪು ಎತ್ತಿ ಆಡೋ ಪದ್ಧತಿ ಇಲ್ಲ,” ಎಂದ ಗುರುಶಾಂತ. “ಆಡೋ ಪದ್ಧತಿ ಇದ್ದಿದ್ರ ಎಂದೋ ಆಡ್ತಿದ್ವಿ. ತಾಟ ತೊಳದ ನೀರು ನೀವು ದಾಸವಾಳದ ಬುಡಕ ಚೆಲ್ತೀರಿ. ಬಂದ ದಿನದಿಂದ ಚೆಲ್ಲಾಕತ್ತೀರಿ. ಎಲ್ಲಾರೂ ನೋಡೇವಿ. ಸಣ್ಣ ಹುಡುಗ್ರೂ ನೋಡ್ಯಾವ. ಯಾರರ ಒಂದ್ ಮಾತು ಅಂದೇವೇನು?”

ಸುಭದ್ರಾಬಾಯಿಯ ಬಾಯಿ ತೆರೆದೇ ಇತ್ತು. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರುಗಳ ಬಾಯಿ ಮುಚ್ಚಿಸಿದ ಹೆಂಗಸು ಅವಳು. ಅವಳು ಮಗಳು ಶಾಂಭವಿಯ ಕಡೆ ನೋಡಿದಳು. ಶಾಂಭವಿ ನೆಲ ನೋಡುತ್ತಿದ್ದಳು. ಅಂದರೆ ಅವಳಿಗೂ ಗೊತ್ತಿತ್ತು.

ಸುಭದ್ರಾಬಾಯಿ ತಿರುಗಿ ಅಡುಗೆಮನೆಗೆ ಹೋದಳು. ಹೋಗುವಾಗ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಅದು ಅವಳ ರೂಢಿಯಲ್ಲ.

*

ಜೇವರ್ಗಿ ತಾಲೂಕಿನ ಕೊಳಕೂರಿನ ಹೊರಗೆ, ಹೊಲದ ನಡುವೆ ಈ ಮನೆಗಳಿವೆ. ಮೂರು ಮನೆ, ಒಂದೇ ಒಲೆ. ಊರಿನವರು ಇವರನ್ನು ಸಾದಾ ಮಂದಿ ಎನ್ನುತ್ತಾರೆ. ಕರೆಂಟಿನ ಕಂಬ ಬೇಲಿಯ ಹೊರಗೇ ಇದೆ, ತಂತಿ ಒಳಗೆ ಬಂದಿಲ್ಲ. ಗಂಡಸರಿಗೂ ಹೆಂಗಸರಿಗೂ ಬಿಳಿ ಖಾದಿ. ಬಂಗಾರ ಇಲ್ಲ, ಟಿವಿ ಇಲ್ಲ, ಚಹಾ ಕೂಡ ಇಲ್ಲ. ಮೂರೂ ಮನೆಗೆ ಸೇರಿ ಒಂದು ಫೋನು. ಅದು ದನದ ಕೊಟ್ಟಿಗೆಯ ಗೂಡಿನಲ್ಲಿ ಇರುತ್ತದೆ. ದವಾಖಾನೆಗೋ ತೊಗರಿಯ ಧಾರಣಿ ಕೇಳುವುದಕ್ಕೋ ಬೇಕಾದರೆ ಅಲ್ಲೇ ಹೋಗಿ, ಸಗಣಿಯ ನಡುವೆ ನಿಂತು ಮಾತಾಡಬೇಕು. ಹಾಗಾಗಿ ಯಾರೂ ಹೆಚ್ಚು ಮಾತಾಡುವುದಿಲ್ಲ.

ಇವರ ಹಿರಿಯನೊಬ್ಬ ಹಾಕಿಕೊಟ್ಟ ಮೂರು ಕಟ್ಟಳೆಗಳನ್ನು ಇವರು ನಡೆಸಿಕೊಂಡು ಬಂದಿದ್ದಾರೆ. ಕೈ ದುಡಿದದ್ದು ಬಾಯಿಗೆ. ತಾಟಿಗೆ ಬಂದದ್ದು ಹೊಟ್ಟೆಗೆ. ಮಂದಿಯ ತಪ್ಪು ಮನಸ್ಸಿಗೆ ಬೇಡ. ಬಡಿಸಿದ್ದು ಪ್ರಸಾದ. ಅದನ್ನು ಒಲ್ಲೆ ಎನ್ನುವ ಹಾಗಿಲ್ಲ, ಬಿಡುವ ಹಾಗಿಲ್ಲ. ಉಂಡಾದ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಇದರಲ್ಲಿ ಢೋಂಗು ಏನೂ ಇಲ್ಲ. ಐದು ವರ್ಷದ ಹುಡುಗನೂ ಹಾಗೇ ಕುಡಿಯುತ್ತಾನೆ.

ಸುಭದ್ರಾಬಾಯಿ ಗುರುಶಾಂತನನ್ನು ಮೊದಲು ನೋಡಿದ್ದು ಹೀಗೆ ಕುಡಿಯುವಾಗಲೇ. ಆಳಂದದಲ್ಲಿ ಅವಳ ಖಾನಾವಳಿ ಇತ್ತು. ಅವನು ತೊಗರಿ ಮಾರಲು ಬಂದು, ಊಟಕ್ಕೆ ಕುಳಿತು, ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಎಲ್ಲ ಉಂಡು, ತಾಟು ತೊಳೆದು ಕುಡಿದ. ಪಕ್ಕದ ಟೇಬಲ್ಲಿನವರು ನಕ್ಕರು. ಸುಭದ್ರಾಬಾಯಿ ನಗಲಿಲ್ಲ. ಗಂಡ ಸತ್ತ ಮೇಲೆ ಅವಳು ಇಡೀ ಆಯುಷ್ಯ ಮಂದಿಯ ಎಂಜಲು ತಾಟು ಬಳಿದವಳು. ಅರ್ಧ ತಿಂದ ರೊಟ್ಟಿ, ಬೆರಳು ಅದ್ದಿ ಬಿಟ್ಟ ಸಾರು, ಅನ್ನದಲ್ಲಿ ಆರಿಸಿದ ಬೀಡಿ, ಎಲ್ಲ ನೋಡಿದವಳು. ತನ್ನ ಅಡುಗೆಗೆ ಇಂಥ ಮಾನ ಕೊಟ್ಟವನು ಇವನೊಬ್ಬನೇ ಎಂದು ಅವಳಿಗೆ ಅನ್ನಿಸಿತು. ಎರಡು ವರ್ಷದಲ್ಲಿ ಮಗಳನ್ನು ಅವನಿಗೇ ಕೊಟ್ಟಳು.

ಅವಳ ತಪ್ಪು ಅಲ್ಲೇ ಶುರುವಾಗಿತ್ತು. ಅದು ಅಡುಗೆಗೆ ಕೊಟ್ಟ ಮಾನವಲ್ಲ, ಕಟ್ಟಳೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಖಾನಾವಳಿಯ ಕಟ್ಟಡವನ್ನು ಮಾಲಕ ಕೆಡವಿದ. ಕಾಂಪ್ಲೆಕ್ಸ್ ಕಟ್ಟುತ್ತಾನಂತೆ. ಅವಳಿಗೆ ಗಂಡುಮಕ್ಕಳಿಲ್ಲ, ಬೇರೆ ಮನೆಯಿಲ್ಲ. ಶಾಂಭವಿ ಬಂದು, “ನಮ್ಮಲ್ಲೇ ಇರು ನಡಿ, ಅಜ್ಜಾರೇ ಹೇಳಿ ಕಳಿಸ್ಯಾರ,” ಎಂದಳು. ಮಗಳ ಮನೆಯ ಅನ್ನ ತಿನ್ನುವುದೆಂದರೆ ನಮ್ಮ ಕಡೆ ನಾಚಿಕೆಯ ಮಾತು. ಹಳೆಯ ಮಂದಿ ಮಗಳ ಊರಿನ ಬಾವಿಯ ನೀರೂ ಕುಡಿಯುತ್ತಿರಲಿಲ್ಲ. ಆದರೆ ಹೋಗಲು ಮತ್ತೆಲ್ಲಿ ಜಾಗವಿತ್ತು?

ಪಕ್ಕದ ಚಹಾದ ಹೋಟೆಲಿನ ಯಾಕೂಬಸಾಬ ಅವಳ ಟ್ರಂಕನ್ನು ಟಮ್‌ಟಮ್ಮಿಗೆ ಏರಿಸುತ್ತ ನಕ್ಕಿದ್ದ. “ಬಾಯಿ, ನೀ ಸಾದಾ ಮಂದಿ ಜೋಡಿ ಇರ್ತಿ? ನಿನ್ನ ದನಿಗಿ ಬಸ್ ಡ್ರೈವರ್ ಬ್ರೇಕ್ ಹಾಕ್ತಾನ. ಅಲ್ಲಿ ನಿನ್ನ ಹೆಂಗ ಇಟ್ಕೋತಾರ?”

“ಸುಮ್ಕ ಇರೋದು ಕಲೀತೇನಿ.”

“ಕಲಿ, ಕಲಿ. ಕಲ್ತ ಮ್ಯಾಲ ನಮ್ಮ ಮನಿಯಾಕಿಗೂ ಜರಾ ಕಲಸು. ಬರಲಿಲ್ಲಂದ್ರ ಹೇಳು, ಅಫಜಲಪುರದಾಗ ನನ್ನ ಅಳ್ಯಾ ಖಾನಾವಳಿಗಿ ಒಂದ್ ಜಾಗಾ ಹಿಡ್ದಾನ. ಒಲಿ ಮುಂದ ನಿಂದ್ರಾಕ ನಿನ್ನಂಥಾಕಿ ಬೇಕಾಗ್ಯಾಳ.”

“ನನಗ ಒಲಿ ಸಾಕಾಗ್ಯಾದ, ಯಾಕೂಬಸಾಬ.”

ಒಲೆ ಸಾಕಾಗಿರಲಿಲ್ಲ. ಬಂದ ವಾರದಲ್ಲೇ ಅವಳು ಸಾದಾ ಮಂದಿಯ ಒಲೆ ಹಿಡಿದಳು.

*

ಅವರಂತಾಗುವುದರಲ್ಲಿ ಅವಳು ಮೈಗಳ್ಳತನ ಮಾಡಲಿಲ್ಲ. ಅದನ್ನು ಹೇಳಲೇಬೇಕು. ಇಳಕಲ್ಲ ಸೀರೆಗಳನ್ನು ಟ್ರಂಕಿನಲ್ಲಿಟ್ಟು ಬಿಳಿ ಉಟ್ಟಳು. ಕೈಯ ಬಂಗಾರದ ಪಾಟಲಿ ಬಿಚ್ಚಿದಳು. ಚಹಾ ಇಲ್ಲದೆ ತಲೆ ಸಿಡಿದು ಒಂದು ದಿನ ಕದ್ದು ಕೊಳಕೂರಿನ ಹೋಟೆಲಿಗೆ ನಡೆದು, ಚಹಾದ ಕಪ್ಪು ಬಾಯಿಗಿಡುವಾಗ ತನ್ನ ಬಿಳಿ ಸೀರೆಯನ್ನು ಅಲ್ಲಿನವರು ನೋಡುವುದು ಕಂಡು, ಕುಡಿಯದೆ ಬಂದಳು. ಆಮೇಲೆ ಚಹಾ ಬಿಟ್ಟಳು. ದನಿ ತಗ್ಗಿಸಿದಳು. ಅದು ಎಲ್ಲಕ್ಕಿಂತ ಕಷ್ಟವಾಯಿತು. “ರೊಟ್ಟಿಈಈ” ಎಂದು ಕೂಗಿದರೆ ಕೊಟ್ಟಿಗೆಯ ಎತ್ತು ಎದ್ದು ನಿಲ್ಲುತ್ತಿತ್ತು.

ಆಗದ್ದು ಒಂದೇ. ತಾಟು ತೊಳೆದ ನೀರು. ತನ್ನದೇ ತಾಟು, ತನ್ನದೇ ಬೆರಳು, ಆದರೂ ಆ ಕಲಕಿದ ನೀರು ತುಟಿಯ ಹತ್ತಿರ ಬಂದರೆ ಸಾಕು, ಆಳಂದದ ಎಂಜಲು ಬುಟ್ಟಿಯ ವಾಸನೆ ಮೂಗಿಗೆ ಬಡಿದು ಹೊಟ್ಟೆ ತೊಳಸುತ್ತಿತ್ತು. ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿ ದಾಸವಾಳದ ಬುಡಕ್ಕೆ ಹಾಕಿ ಬರುತ್ತಿದ್ದಳು. ಯಾರೂ ನೋಡಿಲ್ಲ ಎಂದುಕೊಂಡಿದ್ದಳು.

ಈ ಮನೆಯಲ್ಲಿ ದುಡಿಯದವರು ಉಣ್ಣುವುದಿಲ್ಲ. ಅದು ಅವಳಿಗೆ ಒಳ್ಳೆಯದೇ ಆಯಿತು. ಮಗಳ ಮನೆಯ ಅನ್ನವನ್ನು ಪುಗಸಟ್ಟೆ ತಿನ್ನುವುದಿಲ್ಲ, ದುಡಿದು ತಿನ್ನುತ್ತೇನೆ ಎಂದುಕೊಂಡಳು. ಅಜ್ಜನ ತಂಗಿ ಸಾಬವ್ವನಿಗೆ ಮೊಳಕಾಲು ನೋವು. ಅವಳು ಸೌಟನ್ನು ಸಂತೋಷದಿಂದಲೇ ಬಿಟ್ಟುಕೊಟ್ಟಳು. ಸಾಬವ್ವನ ಅಡುಗೆ ಎಂದರೆ ರೊಟ್ಟಿ, ಬೇಳೆ, ಒಂದು ಸೊಪ್ಪು. ಸುಭದ್ರಾಬಾಯಿ ಬಂದ ಮೇಲೆ ಒಗ್ಗರಣೆಯ ಘಮ ಬೇಲಿ ದಾಟಿತು. ಅವರದೇ ಕಬ್ಬಿನ ಬೆಲ್ಲ, ಅವರದೇ ಶೇಂಗಾ, ಅವರದೇ ಎಮ್ಮೆಯ ತುಪ್ಪ. ಕಟ್ಟಳೆಗೆ ಯಾವುದೂ ಹೊರಗಲ್ಲ. ಶೇಂಗಾ ಹೋಳಿಗೆ ಮಾಡಿದಳು. ಗೋಧಿ ಹುಗ್ಗಿ ಮಾಡಿದಳು. ಎಳ್ಳಮಾಸಿಯ ಹಬ್ಬಕ್ಕೆ ಹೊಲದಲ್ಲಿ ಬುತ್ತಿ ಬಿಚ್ಚಿದಾಗ ಎಲ್ಲರೂ ಒಮ್ಮೆ ಮುಖ ಮುಖ ನೋಡಿಕೊಂಡರು.

ಖಾನಾವಳಿಯ ರೀತಿ ಏನು? ಉಣ್ಣುವವನು ಕೈ ಅಡ್ಡ ಹಿಡಿಯುವ ತನಕ ಹಾಕುವುದು. “ಇನ್ನೊಂದು, ನನ್ನ ಆಣಿ, ಇನ್ನೊಂದು.” ಅವನು ಒಲ್ಲೆ ಎನ್ನಬೇಕು, ಇವಳು ಬಿಡಬಾರದು, ಅವನು ತಾಟಿನ ಮೇಲೆ ಬಾಗಿ ಎರಡೂ ಕೈಯಿಂದ ಮುಚ್ಚಬೇಕು. ಆಗ ಊಟ ಆಯಿತು ಎಂದು ಅರ್ಥ. ಇಲ್ಲಿ ಯಾರೂ ಕೈ ಅಡ್ಡ ಹಿಡಿಯಲಿಲ್ಲ. ಇವಳು ಹಾಕಿದಳು, ಅವರು ಉಂಡರು. ಮತ್ತೆ ಹಾಕಿದಳು, ಮತ್ತೆ ಉಂಡರು. ತಾಟು ತೊಳೆದು ಕುಡಿದರು. ಸುಭದ್ರಾಬಾಯಿಯ ಎದೆ ಉಬ್ಬಿತು. ಮರುದಿನ ಹಿಟ್ಟು ಹೆಚ್ಚು ನಾದಿದಳು.

ಅಜ್ಜನ ತಾಟಿಗೆ ಎಲ್ಲರಿಗಿಂತ ಹೆಚ್ಚು ಹಾಕುತ್ತಿದ್ದಳು. ತಾನಾಗಿಯೇ ಹೇಳಿ ಕಳಿಸಿ ತನಗೆ ಆಸರೆ ಕೊಟ್ಟವನು ಅವನು. ಕೈ ಮುಗಿದು ಹೇಳಲು ಬಾಯಿ ಬರುತ್ತಿರಲಿಲ್ಲ. ತುಪ್ಪ ಸುರಿದು ಹೇಳುತ್ತಿದ್ದಳು.

*

ಜಗಳದ ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಸಾಬವ್ವ ತೊಗರಿಬೇಳೆ ಹಸನು ಮಾಡುತ್ತ ಕುಳಿತಿದ್ದಳು. ಹೊರಗಿನ ಮಾತೆಲ್ಲ ಅವಳಿಗೆ ಕೇಳಿಸಿತ್ತು. ಕೇಳಿಸದವರ ಹಾಗೆ ಮೊರ ಆಡಿಸುತ್ತಿದ್ದಳು.

ಸುಭದ್ರಾಬಾಯಿ ಎದುರಿಗೆ ಕುಕ್ಕರಿಸಿದಳು. “ಸಾಬವ್ವ, ಒಂದ್ ಮಾತು ಕೇಳ್ತೇನಿ. ನಿಮ್ಮ ಪದ್ಧತಿ ಬದಿಗಿಟ್ಟು ಹೇಳಬೇಕು. ನಿಮಗ ನನ್ನ ಹೋಳಿಗಿ ಸೇರ್ತಿತ್ತೋ ಇಲ್ಲೋ?”

ಸಾಬವ್ವ ಮೊರದಿಂದ ಒಂದು ಹರಳು ಆರಿಸಿ ಬದಿಗಿಟ್ಟಳು. “ಮೊದಲನೇದು ಸೇರ್ತಿತ್ತು ಬೇ,” ಎಂದಳು. “ಭಾಳ ಚಂದ ಇರ್ತಿತ್ತು.”

“ಎರಡನೇದು?”

“ಎರಡನೇದು ನಡೀತಿತ್ತು.”

“ಮೂರನೇದು?”

“ಮೂರನೇದು ತಾಟಿನ್ಯಾಗ ಇರ್ತಿತ್ತು. ತಿಂತಿದ್ವಿ.”

ಸುಭದ್ರಾಬಾಯಿ ಮುಖಕ್ಕೆ ಸೆರಗು ಹಿಡಿದಳು. ಒಂದೊಂದೇ ನೆನಪಾಗತೊಡಗಿತು. ಊಟವಾದ ಮೇಲೆ ಗುರುಶಾಂತನ ಕಾಕನ ಮಗ ಚಂದಪ್ಪ ಬೇವಿನ ಕಟ್ಟೆಯ ಮೇಲೆ ಅಂಗಾತ ಬಿದ್ದಿರುತ್ತಿದ್ದ. “ಏನ್ ಚಂದಪ್ಪ, ಊಟ ಹೆಂಗಿತ್ತು?” ಎಂದರೆ, “ಏಳಾಕ ಬರವಲ್ದು ನೋಡ್ರಿ ಅತ್ತಿ, ಹಂಗಿತ್ತು,” ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಅವನ ಸಣ್ಣ ಮಗ ಕಣ್ಣಲ್ಲಿ ನೀರು ತುಂಬಿಕೊಂಡು ಹುಗ್ಗಿ ನುಂಗಿದ್ದ. ಖಾರ ಹತ್ತಿರಬೇಕು ಎಂದು ಮತ್ತೆರಡು ಸೌಟು ಹಾಕಿದ್ದಳು. ಬೆಲ್ಲದ ಹುಗ್ಗಿಯಲ್ಲಿ ಖಾರ ಎಲ್ಲಿಂದ ಬರಬೇಕು? ಕಣ್ಣಿದ್ದೂ ಕುರುಡಿ.

“ಅಜ್ಜಾರ ಬೆರಳಿಗಿ ಗಾಯ ಆಗಿದ್ದು ಯಾವಾಗ?” ಎಂದಳು.

“ಸಂಕ್ರಮಣ ಆದ ಮ್ಯಾಲ. ಹೊಲದಾಗ ಕೊಯ್ದ ತೊಗರಿ ಕೂಳಿ ಚುಚ್ಚಿತು. ಮಾಯಲಿಲ್ಲ.”

“ಮೊದಲ ನೀವು ಅಡಗಿ ಮಾಡುವಾಗ ಅಜ್ಜಾರಿಗಿ ಸೀ ಹಾಕ್ತಿದ್ದಿಲ್ಲ, ಹೌದಲ್ಲೋ?”

“ನನಗ ಗೊತ್ತಿತ್ತು, ಹಾಕ್ತಿದ್ದಿಲ್ಲ. ನಿನಗ ಗೊತ್ತಿಲ್ಲ, ಹಾಕ್ದಿ. ಹಾಕಬ್ಯಾಡ ಅಂದ್ರ ನಿನ್ನ ತಪ್ಪು ತೋರಿಸಿದಂಗ ಆಗ್ತದ. ನೀ ಮೊದಲೇ ಮಗಳ ಮನ್ಯಾಗ ಇರಾಕ ಬಂದಾಕಿ. ಮನಸ್ಸಿಗಿ ಹತ್ತಿಸ್ಕೋತಿ ಅಂತ.” ಸಾಬವ್ವನ ಕೈ ನಿಂತಿತು. “ಅಣ್ಣನ ಬೆರಳು ಹೋದ್ವು. ನಿನ್ನ ಮನಸ್ಸಿಗಿ ಹತ್ತೋದು ಹತ್ತೇ ಹತ್ತಿತು. ನಮಗ ಬುದ್ಧಿ ಇಲ್ಲ ಬೇ. ನಮಗ ರೀತಿ ಅದ, ಬುದ್ಧಿ ಇಲ್ಲ.”

ಶಾಂಭವಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಸುಭದ್ರಾಬಾಯಿ ಅವಳ ಕಡೆ ತಿರುಗಿದಳು. “ಇವರದು ಪದ್ಧತಿ. ನಿನ್ನ ಹಡದಾಕಿ ನಾನು. ನಿನಗೇನಾಗಿತ್ತು ಬೇ? ಅವ್ವಾ, ಅಜ್ಜಾರಿಗಿ ಸೀ ಬ್ಯಾಡ, ಇಷ್ಟ ಅನ್ನಾಕ?”

“ಅನ್ನಬೇಕಂತ ಎಷ್ಟೋ ಸಲ ಬಂದೇನಿ.” ಶಾಂಭವಿಯ ದನಿ ಕೇಳುವಷ್ಟೂ ಇರಲಿಲ್ಲ. “ನೀ ಬಡಿಸುವಾಗ ನಿನ್ನ ಮಾರಿ ನೋಡಿ ಹೊಳ್ಳಿ ಹೋಗೇನಿ. ಆಳಂದದಾಗ ನೀ ಒಂದ್ ದಿನಾನೂ ಹಂಗ ನಕ್ಕಿದ್ದು ನಾ ನೋಡಿಲ್ಲ. ಮತ್ತ…” ಅವಳು ನಿಲ್ಲಿಸಿದಳು.

“ಮತ್ತೇನು? ಅನ್ನು.”

“ಮತ್ತ ಅಂಜಿಕಿ. ನಿನಗ ಹೇಳಿದ್ರ ನೀ ಒದರ್ತಿ. ಇವರ ಮುಂದ ನೀ ಒದರೂದು ನನಗ ನಾಚಿಕಿ ಬರ್ತಿತ್ತು.”

ಸುಭದ್ರಾಬಾಯಿ ತಲೆಯಾಡಿಸಿದಳು. ಇದು ಸರಿಯಾದ ಏಟು. ಹೊಡೆದದ್ದು ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ಇಷ್ಟಕ್ಕೂ ಅಂಗಳದಲ್ಲಿ ಈಗ ತಾನೆ ಒದರಿ ಬಂದಿದ್ದಳಲ್ಲ.

*

ಎರಡು ದಿನ ಅವಳು ಒಲೆಯ ಹತ್ತಿರ ಹೋಗಲಿಲ್ಲ. ಸಾಬವ್ವ ಮೊಳಕಾಲು ಹಿಡಿದುಕೊಂಡು ರೊಟ್ಟಿ ಬಡಿದಳು. ಸುಭದ್ರಾಬಾಯಿ ಸಾಲಿನಲ್ಲಿ ಕೂರಲಿಲ್ಲ, ಹೊಟ್ಟೆ ಸರಿ ಇಲ್ಲ ಎಂದಳು. ದುಡಿಯದೆ ಉಣ್ಣುವುದು ಹೇಗೆ? ಬಾಗಿಲ ಸಂದಿಯಲ್ಲಿ ನೋಡಿದಾಗ ಇನ್ನೊಂದು ಕಂಡಿತು. ಗುರುಶಾಂತ ತನ್ನ ಜಾಗದಲ್ಲಿ ಇರಲಿಲ್ಲ. ತಂದೆಯ ಪಕ್ಕ ಕೂರುವವನು ಸಾಲಿನ ಕೊನೆಗೆ, ಸಣ್ಣ ಹುಡುಗರ ಆಚೆ ಕುಳಿತಿದ್ದ. ಆ ಮನೆಯಲ್ಲಿ ಸಿಟ್ಟಿನಿಂದ ದನಿ ಎತ್ತಿದವನು ತಾನಾಗಿಯೇ ಹಾಗೆ ಕೆಳಗೆ ಸರಿದು ಕೂರಬೇಕು. ಹಿರಿಯರು ಕರೆಯುವ ತನಕ ಮೇಲೆ ಬರುವಂತಿಲ್ಲ. ಯಾರೂ ಅವನಿಗೆ ಹೇಳಿರಲಿಲ್ಲ.

ಅವಳೂ ದನಿ ಎತ್ತಿದ್ದಳು. ಅವಳು ಎಲ್ಲಿ ಕೂರಬೇಕು? ಅದನ್ನೂ ಯಾರೂ ಹೇಳಲಿಲ್ಲ. ಅವಳು ಇನ್ನೂ ಹೊರಗಿನವಳು ಎಂದು ಬಿಟ್ಟಿದ್ದರು. ಕೆಳಗಿನ ಜಾಗವೂ ಅವಳಿಗೆ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಜ್ಜ ಅವಳನ್ನು ಕರೆಸಿದ. ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಕೊರಳಿನ ಲಿಂಗ ಅಂಗೈಯಲ್ಲಿತ್ತು. ಅವಳನ್ನು ಕಂಡು ಅದನ್ನು ಕಟ್ಟಿಕೊಂಡ.

“ಕೂಡು ತಂಗಿ.”

ಅವಳು ಕೂರಲಿಲ್ಲ. “ಅಜ್ಜಾರ, ನಿಮ್ಮ ಕಾಲಿಗಿ ಬೀಳ್ತೇನಿ ಅಂದ್ರ ಬೀಳಾಕ ಕಾಲೇ ಸರಿ ಇಲ್ದಂಗ ಮಾಡೇನಿ,” ಎಂದಳು.

ಅಜ್ಜನಿಗೆ ನಗು ಬಂತು. “ಎಡಗಾಲು ಇನ್ನೂ ಅದಲ್ಲಾ.” ಆಮೇಲೆ ನಗು ಹೋಯಿತು. “ಕೇಳು. ಸಕ್ರಿ ಬ್ಯಾನಿಗಿ ಗೋಳಿ ನುಂಗೋ ಮನಷ್ಯಾ ನಾನು. ನಿನಗ ಗೊತ್ತಿದ್ದಿಲ್ಲ, ನನಗ ಗೊತ್ತಿತ್ತು. ನೀ ಹೋಳಿಗಿ ಹಾಕುವಾಗ ಇದು ವಿಷ ಅಂತ ನನಗ ಗೊತ್ತಿತ್ತು. ತಿಂದೆ. ಯಾಕ ತಿಂದೆ?”

“ಪ್ರಸಾದ ಅಂತ.”

“ಅಲ್ಲ. ಹಂಗಂತ ಮಂದಿಗಿ ಹೇಳ್ತೇನಿ. ಹುಡುಗಿದ್ದಾಗಿಂದ ತಾಟಿನ್ಯಾಗ ಒಂದ್ ಅಗಳು ಬಿಟ್ಟಾವಲ್ಲ ಕಲ್ಲಿನಾಥ, ಅಂತ ಅಂದೋಲಾದಿಂದ ಗೊಬ್ಬೂರ ತನಕ ಮಾತದ. ಆ ಮಾತು ಬಿಡಾಕ ಆಗಲಿಲ್ಲ. ಬಂಗಾರ ಬಿಟ್ಟೆ, ಬಣ್ಣದ ಅರಬಿ ಬಿಟ್ಟೆ. ಅದೊಂದು ಇಟ್ಕೊಂಡಿದ್ದೆ. ನಿನ್ನ ಹೋಳಿಗಿ ಅಲ್ಲ ತಂಗಿ ನನ್ನ ಬೆರಳು ತಿಂದಿದ್ದು.”

ಅವನು ಬೈದಿದ್ದರೆ ಸುಭದ್ರಾಬಾಯಿಗೆ ಚೆನ್ನಾಗಿತ್ತು. ಬೈಗುಳಕ್ಕೆ ಉತ್ತರ ಅವಳ ಬಾಯಲ್ಲಿ ಯಾವಾಗಲೂ ಸಿದ್ಧ ಇರುತ್ತಿತ್ತು.

“ಇವತ್ತು ನೀ ಅಡಗಿ ಮಾಡು,” ಎಂದ ಅಜ್ಜ. “ನೀನೇ ಬಡಸು. ಈ ಮನಿ ನಿಂದೂ ಅದ. ಹೊಟ್ಟಿ ಸರಿ ಇಲ್ಲಂತ ಸುಳ್ಳು ಹೇಳಬ್ಯಾಡ, ನಮಗ ಸುಳ್ಳು ತಿಳೀತದ. ಅನ್ನಂಗಿಲ್ಲ ಅಷ್ಟ.”

ಅವಳು ಹೋಗಿ ಒಲೆ ಹಚ್ಚಿದಳು. ರೊಟ್ಟಿ, ಬೇಳೆ, ಸೊಪ್ಪು. ಸಾಬವ್ವನ ಅಡುಗೆ. ಒಗ್ಗರಣೆಗೆ ಎರಡು ಎಸಳು ಬೆಳ್ಳುಳ್ಳಿ ಹೆಚ್ಚು ಹಾಕಲು ಕೈ ಹೋಯಿತು. ತಡೆದಳು. ಇಲ್ಲೇ ಇರಬೇಕು ಎಂದು ಅವಳಿಗೆ ಆಸೆಯಿತ್ತು. ಕಡಿಮೆ ಮಾಡುವುದನ್ನು ಕಲಿತರೆ ಇರಬಹುದು. ಚಹಾ ಬಿಟ್ಟವಳು ಇದನ್ನೂ ಬಿಟ್ಟಾಳು.

ಸಾಲು ಕುಳಿತಿತು. ಮೇಲೆ ಅಜ್ಜ, ಕಾಲಿನ ಕೆಳಗೆ ದಿಂಬು. ಕೊನೆಯಲ್ಲಿ ಗುರುಶಾಂತ. ಸುಭದ್ರಾಬಾಯಿ ಒಬ್ಬೊಬ್ಬರಿಗೆ ಒಂದೊಂದು ರೊಟ್ಟಿ ಹಾಕಿದಳು. ಎರಡನೆಯ ಸುತ್ತಿಗೆ ಬುಟ್ಟಿ ಹಿಡಿದು ಬಂದವಳು ಚಂದಪ್ಪನ ಮುಂದೆ ನಿಂತಳು.

“ಇನ್ನೊಂದು ಹಾಕಲೇನು?” ಎಂದಳು.

ಚಂದಪ್ಪ ತಲೆ ಎತ್ತಿದ. ಅವನ ಜನ್ಮದಲ್ಲಿ ಊಟದ ಸಾಲಿನಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಬೇಕು ಎಂದರೆ ಆಸೆ. ಬೇಡ ಎಂದರೆ ಪ್ರಸಾದಕ್ಕೆ ಅವಮಾನ. ಅವನು ಶಾಂಭವಿಯ ಕಡೆ ನೋಡಿದ, ಸಾಬವ್ವನ ಕಡೆ ನೋಡಿದ. “ನಿಮ್ಮ… ನಿಮ್ಮ ಇಚ್ಛಾರೀ ಅತ್ತಿ,” ಎಂದ.

“ನನ್ನ ಇಚ್ಛಾ ಏನಪ್ಪಾ? ಹೊಟ್ಟಿ ನಿಂದು.”

ಒಬ್ಬ ಹುಡುಗ ಕಿಸಕ್ಕನೆ ನಕ್ಕ. ಮತ್ತೆ ಯಾರೂ ನಗಲಿಲ್ಲ. ಅವಳು ಮುಂದಿನವರನ್ನು ಕೇಳಿದಳು. ಅವರೂ ತಲೆ ತಗ್ಗಿಸಿದರು. ಹಾಕಿದರೆ ತುರುಕಿದ ಹಾಗೆ, ಹಾಕದಿದ್ದರೆ ಹಸಿದು ಏಳಬಹುದು. ಈ ಬಾಯಿಲ್ಲದ ಮಂದಿಗೆ ತಾನು ಹೇಗೆ ಬಡಿಸಬೇಕು? ಬುಟ್ಟಿ ಕೈಯಲ್ಲಿ ಹಿಡಿದು ಸಾಲಿನ ನಡುವೆ ಹಾದಿ ತಪ್ಪಿದವಳಂತೆ ನಿಂತಳು.

ಆಗ ಅಜ್ಜ ಅವಳನ್ನು ಕೂಗಿದ. “ತಂಗಿ, ಇಲ್ಲಿ ನೋಡು.”

ಅವನ ತಾಟಿನಲ್ಲಿ ಅರ್ಧ ರೊಟ್ಟಿ ಉಳಿದಿತ್ತು. ಅವನು ಅದನ್ನು ಎಲ್ಲರಿಗೂ ಕಾಣುವ ಹಾಗೆ ತಾಟಿನ ಅಂಚಿಗೆ ಸರಿಸಿದ. ಕೈಯನ್ನು ತಾಟಿನ ಮೇಲೆ ಅಡ್ಡ ಹಿಡಿದ. ಖಾನಾವಳಿಯಲ್ಲಿ ಹಿಡಿಯುತ್ತಿದ್ದರಲ್ಲ, ಹಾಗೆಯೇ.

“ಸಾಕು,” ಎಂದ.

ಸಾಬವ್ವ, “ಅಣ್ಣಾ!” ಎಂದಳು. ಗುರುಶಾಂತ ಎದ್ದೇ ನಿಂತ. ಅಜ್ಜ ಅವನಿಗೆ ಕೂರಲು ಸನ್ನೆ ಮಾಡಿದ.

“ಇನ್ನ ಮ್ಯಾಲ ಎಲ್ಲಾರೂ ಹಿಂಗ ಅನ್ರಿ. ಬೇಕಂದ್ರ ಬೇಕು, ಸಾಕಂದ್ರ ಸಾಕು. ಆಕಿಗಿ ತಿಳೀಬೇಕಲ್ಲ,” ಎಂದ. ದನಿ ಗಟ್ಟಿಯಾಗಿಯೇ ಇತ್ತು. ಆದರೆ ಅವನ ಕಣ್ಣು ಆ ಅರ್ಧ ರೊಟ್ಟಿಯ ಮೇಲೆ ಹೋಗುತ್ತಿತ್ತು, ಅಲ್ಲಿಂದ ತಪ್ಪಿಸಿಕೊಳ್ಳುತ್ತಿತ್ತು, ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹಾಕಿದ್ದೇ ಒಂದು ರೊಟ್ಟಿ. ಮುದುಕನಿಗೆ ಹಸಿವೆ ಇತ್ತು. ಇದನ್ನು ಸುಭದ್ರಾಬಾಯಿಗಿಂತ ಚೆನ್ನಾಗಿ ತಿಳಿಯುವವರು ಯಾರು? ಉಣ್ಣುವವರ ಮುಖ ನೋಡಿಯೇ ಬದುಕಿದವಳು ಅವಳು. ಐದು ತಿಂಗಳು ನೋಡಲಿಲ್ಲ, ಇವತ್ತು ನೋಡಿದಳು.

ಅವಳಿಗಾಗಿ ಬಿಟ್ಟಿದ್ದ. ಬೆರಳು ಹೋದರೂ ಬಿಡದದ್ದನ್ನು ಅವಳಿಗಾಗಿ, ಮಕ್ಕಳ ಮುಂದೆ, ಸೊಸೆಯ ಮುಂದೆ ಬಿಟ್ಟಿದ್ದ. ಸಾಬವ್ವ ಸೆರಗಿನಿಂದ ಕಣ್ಣು ಒರೆಸುತ್ತಿದ್ದಳು. ಗುರುಶಾಂತ ತಂದೆಯ ತಾಟಿನ ಕಡೆ ನೋಡಲಾರದೆ ಗೋಡೆ ನೋಡುತ್ತಿದ್ದ. ಅವಳನ್ನು ಇಟ್ಟುಕೊಳ್ಳಲು ಈ ಮನೆ ದಿನಕ್ಕೊಂದು ಹೀಗೆ ಬಿಡುತ್ತಾ ಹೋಗುತ್ತದೆ. ಯಾರೂ ಅವಳಿಗೆ ಅನ್ನುವುದಿಲ್ಲ. ಎಂದೂ ಅನ್ನುವುದಿಲ್ಲ.

ಸುಭದ್ರಾಬಾಯಿ ರೊಟ್ಟಿಯ ಬುಟ್ಟಿಯನ್ನು ಶಾಂಭವಿಯ ಕೈಗೆ ಕೊಟ್ಟಳು. ಅಜ್ಜನ ಎದುರು ನೆಲದ ಮೇಲೆ ಕುಳಿತು, ಅವನ ತಾಟನ್ನು ತನ್ನ ಕಡೆ ಎಳೆದುಕೊಂಡಳು.

“ಏನ್ ಮಾಡಾಕತ್ತಿ ತಂಗಿ?”

ಅವಳು ಆ ಅರ್ಧ ರೊಟ್ಟಿಯನ್ನು ಮುರಿದು ಬೇಳೆಯಲ್ಲಿ ಅದ್ದಿ ತಿಂದಳು. ಎರಡು ದಿನದ ಮೇಲೆ ತಿಂದ ಮೊದಲ ತುತ್ತು ಅದು. ನಿಧಾನವಾಗಿ ತಿಂದಳು. ಪುಡಿಯನ್ನೂ ಬೆರಳಿಗೆ ಹತ್ತಿಸಿಕೊಂಡು ತಿಂದಳು. ಆಮೇಲೆ ಚೊಂಬಿನಿಂದ ತಾಟಿಗೆ ನೀರು ಹಾಕಿದಳು. ಬೆರಳಿನಿಂದ ಸುತ್ತ ತೊಳೆದಳು. ನೀರು ಕಲಕಿತು, ಬೇಳೆಯ ಬಣ್ಣಕ್ಕೆ ತಿರುಗಿತು. ಮಕ್ಕಳು ಕತ್ತು ಉದ್ದ ಮಾಡಿ ನೋಡಿದರು. ಅವಳು ಎರಡೂ ಕೈಯಿಂದ ತಾಟು ಎತ್ತಿ, ಕಣ್ಣು ಮುಚ್ಚಿ, ಕೊನೆಯ ಹನಿಯ ತನಕ ಕುಡಿದಳು.

ಖಾಲಿ ತಾಟನ್ನು ಅಜ್ಜನ ಮುಂದೆ ಇಟ್ಟಳು.

“ನಿಮ್ಮ ತಾಟಿನ್ಯಾಗ ಏನೂ ಉಳದಿಲ್ಲ, ಅಜ್ಜಾರ,” ಎಂದಳು.

ಅವಳು ಎದ್ದಳು. ಸಾಲಿನ ಕೊನೆಗೆ ಬಂದಾಗ ಗುರುಶಾಂತ, “ಅತ್ತಿ…” ಎಂದ. ಕ್ಷಮಿಸಿ ಎನ್ನುವುದೂ ಆ ಮನೆಯಲ್ಲಿ ಬಾಯಿಂದ ಬರುವ ಮಾತಲ್ಲ.

“ಮ್ಯಾಲ ಹೋಗಿ ನಿಮ್ಮಪ್ಪನ ಬಾಜೂ ಕೂಡ್ರಿ,” ಎಂದಳು ಅವಳು. “ನೀವು ಅಂದಿದ್ದು ಖರೇನೇ ಅದ. ಈ ಮನ್ಯಾಗ ನನಗ ಖರೇ ಅಂದವರು ನೀವೊಬ್ರೇ.”

ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು.

“ಅವ್ವಗ ಹೊಟ್ಟಿ ತೊಳಸಿರಬೇಕು,” ಎಂದು ಶಾಂಭವಿ ಮೆಲ್ಲಗೆ ಹೇಳಿದಳು. “ದಾಸವಾಳದ ಕಡಿ ಹೋಗ್ಯಾಳ. ಬರ್ತಾಳ.”

ಎಲ್ಲರೂ ಕಾದರು. ರೊಟ್ಟಿ ಆರಿದವು. ಕಡೆಗೆ ಶಾಂಭವಿಯೇ ಎದ್ದು ಹೋಗಿ ನೋಡಿದಳು. ದಾಸವಾಳದ ಬುಡ ಒಣಗಿತ್ತು. ಬಾಗಿಲ ಹತ್ತಿರ ಅವ್ವನ ಚಪ್ಪಲಿ ಇರಲಿಲ್ಲ. ಬೇಲಿಯ ಆಚೆ, ಕೊಳಕೂರಿನ ದಾರಿಯಲ್ಲಿ, ಬಿಳಿ ಸೀರೆಯೊಂದು ಅಫಜಲಪುರದ ಕಡೆಯ ಟಮ್‌ಟಮ್ಮಿಗೆ ಕೈ ಮಾಡುತ್ತಿತ್ತು. ಶಾಂಭವಿ ಕೂಗಲು ಬಾಯಿ ತೆರೆದಳು. ಆ ಮನೆಯಲ್ಲಿ ಕೂಗುವುದನ್ನು ಅವಳು ಮರೆತು ಬಹಳ ದಿನ ಆಗಿತ್ತು. ದನಿ ಬರುವಷ್ಟರಲ್ಲಿ ಟಮ್‌ಟಮ್ಮು ತಿರುವು ದಾಟಿತ್ತು.

ರಾತ್ರಿಯ ಸಾಲಿನಲ್ಲಿ ಸಾಬವ್ವ ಸುಭದ್ರಾಬಾಯಿಯ ತಾಟೂ ಹಾಕಿದಳು. ಮರುದಿನವೂ ಹಾಕಿದಳು. ಅಜ್ಜ ಬೇಡ ಎನ್ನಲಿಲ್ಲ. ಸುಭದ್ರಾಬಾಯಿ ಬರಲಿಲ್ಲ.